ರೆಕ್ಕೆ ಬಿಡಿ, ಮೂತಿ ನೋಡಿ: ಮನೆಯೊಳಗಿನ ಪುಟ್ಟ ಪತಂಗ ಗುರುತಿಸುವ ಬಗೆ

ಮುಳಬಾಗಿಲಲ್ಲಿ ನಮ್ಮದೊಂದು ಹಿಟ್ಟಿನ ಮಿಷನ್ ಇದೆ. ಮುಂದೆ ಮಿಷನ್, ಹಿಂದೆ ಮನೆ, ನಡುವೆ ಒಂದೇ ಬಾಗಿಲು. ಹೋದ ವರ್ಷ ಮಳೆಗಾಲ ಮುಗಿಯೋ ಹೊತ್ತಿಗೆ ಮೂಲೆಮನೆ ಅಜ್ಜಿ ಬೆಳ್ಳಂಬೆಳಗ್ಗೆ ಬಂದು, ಗಂಟು ಹಾಕಿದ ಪ್ಲಾಸ್ಟಿಕ್ ಕವರೊಂದನ್ನ ತಕ್ಕಡಿ ಪಕ್ಕ ಇಟ್ಟರು. ಒಳಗೆ ಎರಡು ಪುಟ್ಟ ಹುಳ ರೆಕ್ಕೆ ಬಡೀತಿದ್ದವು.

"ನೋಡಮ್ಮಾ, ನಿನ್ನ ಮಿಷನ್ನಿಂದ ನಮ್ಮನೆಗೆ ಬಂದಿರೋದು. ರಾಗಿಹಿಟ್ಟು ತಗೊಂಡು ಹೋಗಿ ನಾಲ್ಕು ದಿನ ಆಗಿಲ್ಲ, ಮನೆ ತುಂಬಾ ಇವೇ."

ಸಾಲಲ್ಲಿ ನಿಂತಿದ್ದ ಐದಾರು ಜನ ತಮ್ಮ ತಮ್ಮ ಚೀಲದೊಳಗೆ ಇಣುಕಿದರು. ಮಿಷನ್ ಇಟ್ಟವರ ಪಾಲಿಗೆ ಇದಕ್ಕಿಂತ ಕೆಟ್ಟ ಮಾತಿಲ್ಲ. ನಾನು ಎದುರಾಡಲಿಲ್ಲ. ಕವರನ್ನ ಹಾಗೇ ತಗೊಂಡುಹೋಗಿ ಫ್ರಿಜ್ಜಲ್ಲಿಟ್ಟು ಬಂದೆ. "ಸಂಜೆ ಬನ್ನಿ ಅಜ್ಜೀ, ಯಾರ ಮನೇದು ಅಂತ ಅದರ ಬಾಯಿಂದಲೇ ಹೇಳಿಸ್ತೀನಿ" ಅಂದೆ. ಎಲ್ಲರೂ ನಕ್ಕರು. ನಾನು ತಮಾಷೆಗೆ ಹೇಳಿದ್ದಲ್ಲ.

ಹೆಸರಿನ ಗೊಂದಲ ಮೊದಲು ಮುಗಿಸಿಬಿಡೋಣ. ಪತಂಗ ಅನ್ನೋದು ನಮ್ಮ ಕಡೆ ಸ್ಕೂಲ್ ಪುಸ್ತಕದ ಮಾತು. ಬಾಯಲ್ಲಿ ಬರೋದು ಚಿಟ್ಟೆ, ದೀಪದ ಹುಳ, ರೆಕ್ಕೆ ಹುಳ. ತೆಲುಗು ಮನೆಯವರು ಪುರುಗು ಅಂತಾರೆ, ಅದರಲ್ಲಿ ಮರಿಯೂ ಸೇರಿತು, ರೆಕ್ಕೆ ಬಂದಿದ್ದೂ ಸೇರಿತು, ಜಿರಳೆಯೂ ಸೇರಿತು. ಅಕ್ಕಿಯಲ್ಲಿ ಏನೇ ಹರಿದಾಡಿದರೂ ನುಸಿ. ಹೀಗೆ ಎಲ್ಲದಕ್ಕೂ ಒಂದೇ ಹೆಸರಿಟ್ಟು ಎಲ್ಲದಕ್ಕೂ ಒಂದೇ ಔಷಧಿ ಹೊಡೆದರೆ ದುಡ್ಡು ದಂಡ. ಅಕ್ಕಿ ಡಬ್ಬದ ಹುಳ ಬೇರೆ, ಆಲೂಗಡ್ಡೆ ಮೂಟೆಯದು ಬೇರೆ, ಬಚ್ಚಲಲ್ಲಿ ಕೂತಿರೋದಂತೂ ಪತಂಗವೇ ಅಲ್ಲ.

ಹಿಡಿಯೋದು ಹೇಗೆ ಅಂದರೆ, ಬೆರಳಲ್ಲಂತೂ ಬೇಡ. ಪತಂಗದ ರೆಕ್ಕೆ ಮೇಲಿನ ಬಣ್ಣವೆಲ್ಲ ಹೆಂಚು ಹೊದಿಸಿದ ಹಾಗೆ ಒಂದರ ಮೇಲೊಂದು ಕೂತಿರೋ ಹುಡಿ. ಮುಟ್ಟಿದರೆ ಆ ಹುಡಿ ಬೆರಳಿಗೆ ಬರುತ್ತೆ, ಹುಳ ಬೋಳಾಗುತ್ತೆ, ಆಮೇಲೆ ಎಲ್ಲ ಹುಳವೂ ಒಂದೇ ಥರ. ಪೊರಕೆ ಏಟು ತಿಂದ ಹುಳ ತಂದು ಇದು ಯಾವುದು ಅಂತ ಕೇಳೋರಿದ್ದಾರೆ, ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಗೋಡೆ ಮೇಲೆ ಕೂತಿದ್ದಾಗ ಗಾಜಿನ ಲೋಟ ಮೆಲ್ಲಗೆ ಕವುಚಿ, ಲೋಟಕ್ಕೂ ಗೋಡೆಗೂ ನಡುವೆ ಹಳೇ ಮದುವೆ ಕಾರ್ಡು ತೂರಿಸಿ. ಸ್ಟೀಲ್ ಲೋಟ ಆದರೆ ಒಳಗೆ ಇದೆಯೋ ಹಾರಿತೋ ಗೊತ್ತಾಗಲ್ಲ. ಕಾರ್ಡು ಸಮೇತ ಫ್ರಿಜ್ಜಲ್ಲಿ, ಮೇಲಿನ ಐಸ್ ಖಾನೆಯಲ್ಲಲ್ಲ, ಕೆಳಗಡೆ, ಹತ್ತು ನಿಮಿಷ ಇಡಿ. ಹುಳ ಜೋಮು ಹಿಡಿದ ಹಾಗಾಗಿ ಸುಮ್ಮನೆ ಕೂತಿರುತ್ತೆ. ಹೊರಗೆ ತಂದ ಮೇಲೆ ಒಂದೆರಡು ನಿಮಿಷ ಮಾತ್ರ ನಿಮ್ಮ ಕೈಲಿರುತ್ತೆ. ಬಿಳಿ ತಟ್ಟೆ, ಪಕ್ಕದಲ್ಲಿ ಮಕ್ಕಳ ಜಾಮಿಟ್ರಿ ಬಾಕ್ಸಿನ ಸ್ಕೇಲು, ಮೊಬೈಲು, ಎಲ್ಲ ಮೊದಲೇ ಜೋಡಿಸಿಟ್ಟುಕೊಂಡಿರಿ.

ಮೂರು ಫೋಟೊ ತೆಗೀರಿ: ಮೇಲಿಂದ, ಪಕ್ಕದಿಂದ, ಎದುರಿಂದ. ಎಲ್ಲರೂ ಮೇಲಿನದೊಂದನ್ನ ತೆಗೆದು ಸುಮ್ಮನಾಗ್ತಾರೆ. ನಿಜವಾಗಿ ಕೆಲಸಕ್ಕೆ ಬರೋದು ಪಕ್ಕದ್ದು. ನನ್ನ ಮಾವ ಮೊದಲು ಬಸ್‌ಸ್ಟ್ಯಾಂಡ್ ಹತ್ತಿರ ವಾಚ್ ರಿಪೇರಿ ಮಾಡ್ತಿದ್ದರು. ಅವರು ಕಣ್ಣಿಗೆ ಸಿಕ್ಕಿಸಿಕೊಳ್ತಿದ್ದ ಕರೀ ಗಾಜು ಈಗ ನನ್ನ ಹತ್ತಿರ ಇದೆ. ಅದನ್ನ ಮೊಬೈಲಿನ ಕ್ಯಾಮೆರಾಗೆ ಒತ್ತಿ ಹಿಡಿದರೆ ಅಕ್ಕಿಕಾಳಿನಷ್ಟಿರೋ ಹುಳದ ಮುಖದ ಕೂದಲೂ ಕಾಣುತ್ತೆ. ಅಂಥದ್ದು ಇಲ್ಲದಿದ್ದರೆ ಪುಸ್ತಕದ ಅಂಗಡಿಯಲ್ಲಿ ಸಿಗೋ ಭೂತಗನ್ನಡಿಯೂ ಆಗುತ್ತೆ.

ಈಗ ಪತಂಗ ಅಲ್ಲದವನ್ನ ಪಕ್ಕಕ್ಕಿಡಿ. ಬಚ್ಚಲ ಗೋಡೆ ಮೇಲೆ, ಕೈತೊಳೆಯೋ ಸಿಂಕಿನ ಹತ್ತಿರ, ಬೂದು ಬಣ್ಣದ, ಮೈ ತುಂಬಾ ಜುಂಗು ಇರೋ, ಅರಳೀ ಎಲೆ ಆಕಾರದ ಪುಟಾಣಿ ಕೂತಿರುತ್ತಲ್ಲ, ನಾಲ್ಕೈದು ಮಿಲಿಮೀಟರ್ ಇರಬಹುದು, ಅದು ನೊಣದ ಜಾತಿ. ರೆಕ್ಕೆ ಎರಡೇ. ಪತಂಗಕ್ಕೆ ನಾಲ್ಕು. ಅದರ ಮರಿ ಬೆಳೆಯೋದು ಮೋರಿ ಪೈಪಿನ ಒಳಗಂಟಿರೋ ಲೋಳೆಯಲ್ಲಿ, ನಿಮ್ಮ ಅಕ್ಕಿಗೂ ಅದಕ್ಕೂ ಏನೂ ಸಂಬಂಧ ಇಲ್ಲ. ಇನ್ನು ಮೊದಲ ಮಳೆ ಬಿದ್ದ ಸಂಜೆ ಲೈಟಿಗೆ ಮುತ್ತಿ, ಬೆಳಗ್ಗೆ ರೆಕ್ಕೆ ಮಾತ್ರ ಬಿಟ್ಟು ಹೋಗೋದು ಈಸಲು, ಗೆದ್ದಲಿನ ಹುಳ. ಅದನ್ನ ನಮ್ಮೂರಲ್ಲಿ ಯಾರಿಗೂ ಹೇಳಿಕೊಡಬೇಕಾಗಿಲ್ಲ.

ಇನ್ನು ಮೂತಿಗೆ ಬರೋಣ. ಪತಂಗದ ಮುಖದ ಮುಂದೆ, ಬಾಯಿಯ ಎರಡು ಪಕ್ಕದಲ್ಲಿ, ಹುಡಿ ಹೊದ್ದ ಎರಡು ಪುಟ್ಟ ಕಡ್ಡಿಗಳಿರುತ್ತವೆ. ಮೀಸೆ ಅಂದುಕೊಳ್ಳಿ. ತಲೆ ಮೇಲಿನ ಉದ್ದನೇ ಕುಡಿಮೀಸೆ ಬೇರೆ, ಅದಲ್ಲ ನಾನು ಹೇಳ್ತಿರೋದು. ಈ ಕಡ್ಡಿಗಳು ಹೇಗಿವೆ ಅಂತ ನೋಡಿದರೆ ಹುಳ ಯಾವ ಮನೆತನದ್ದು ಅಂತ ಮುಕ್ಕಾಲು ಪಾಲು ಗೊತ್ತಾಗುತ್ತೆ. ಗಿಣಿಯದಲ್ಲ, ಕೊಕ್ಕರೆಯ ಕೊಕ್ಕಿನ ಹಾಗೆ ನೇರ ಮುಂದಕ್ಕೆ ಚಾಚಿದ್ದರೆ ಹಿಟ್ಟು, ರವೆ, ಕಡಲೆಬೀಜದ ಕಡೆಯವು. ನಾಟಿ ಹಸುವಿನ ಕೊಂಬಿನ ಹಾಗೆ ಬಾಗಿ ಹಣೆ ಮೇಲಕ್ಕೆ ಎದ್ದಿದ್ದರೆ ಅದು ಕಾಳಿನ ಒಳಗೋ, ಗಡ್ಡೆ ಒಳಗೋ, ಕಾಯಿ ಒಳಗೋ ಕೊರೆದುಕೊಂಡಿದ್ದ ಮನೆತನ. ಕೊಕ್ಕೂ ಇಲ್ಲ ಕೊಂಬೂ ಇಲ್ಲ, ನಿದ್ದೆಯಿಂದೆದ್ದ ಮಗುವಿನ ಹಾಗೆ ತಲೆ ತುಂಬಾ ಕೆದರಿದ ಕೂದಲು ಅಂದರೆ ಉಣ್ಣೆ, ಕೂದಲು, ಜೇಡರ ಬಲೆ ತಿನ್ನೋ ಗುಂಪು.

ಅವತ್ತು ಮಧ್ಯಾಹ್ನ ಅಜ್ಜಿಯ ಹುಳವನ್ನ ತಟ್ಟೆಗೆ ಹಾಕಿ ಗಾಜು ಹಿಡಿದೆ. ಒಣ ಭತ್ತದ ಹುಲ್ಲಿನ ಬಣ್ಣ. ರೆಕ್ಕೆ ಮಡಚಿದಾಗ ಭತ್ತದ ಕಾಳಿಗಿಂತ ಚೂರೇ ಉದ್ದ. ಕಡ್ಡಿ ಎರಡೂ ಕೊಂಬಿನ ಹಾಗೆ ಮೇಲಕ್ಕೆದ್ದಿದ್ದವು. ಸೂಜಿಯಿಂದ ಹಿಂದಿನ ರೆಕ್ಕೆ ಬಿಡಿಸಿ ನೋಡಿದರೆ ಸುತ್ತ ಉದ್ದನೇ ಕುಚ್ಚು, ತುದಿಯಲ್ಲಿ ಕಿರುಬೆರಳಿನ ಹಾಗೆ ಚೂಪಾಗಿ ಮುಂದೆ ಬಂದ ಮೊನೆ. ಇದು ಇಡೀ ಕಾಳಿನೊಳಗೆ ಬೆಳೆಯೋ ಹುಳ: ಭತ್ತ, ಮುಸುಕಿನ ಜೋಳ, ಬಿಳಿಜೋಳ, ಗೋಧಿ. ಒಂದು ಮರಿಗೆ ಒಂದು ಕಾಳು, ಅಷ್ಟರೊಳಗೇ ಅದರ ಸಂಸಾರ. ಹಿಟ್ಟಲ್ಲಿ ಇದಕ್ಕೆ ಮನೆ ಇಲ್ಲ, ರಾಗಿಕಾಳು ಇದಕ್ಕೆ ಸಾಲದು.

ಸಂಜೆ ಅಜ್ಜಿ ಬಂದಾಗ ಒಂದೇ ಪ್ರಶ್ನೆ ಕೇಳಿದೆ. "ಅಜ್ಜೀ, ಮನೇಲಿ ಭತ್ತ ಇಟ್ಟಿದ್ದೀರಾ, ಇಲ್ಲಾ ಜೋಳದ ತೆನೆ?"

"ಭತ್ತ ಎಲ್ಲಿಂದ ಬರಬೇಕಮ್ಮಾ. ಬಿತ್ತನೇಗೆ ಅಂತ ನಾಲ್ಕು ಜೋಳದ ತೆನೆ ಕಟ್ಟಿ ಅಟ್ಟದ ಕೆಳಗೆ ನೇತುಹಾಕಿದ್ದೀನಿ. ಅದ್ಯಾಕೆ?"

ಇಬ್ಬರೂ ಹೋಗಿ ತೆನೆ ಇಳಿಸಿದೆವು. ಕಾಳಿನ ಮೇಲೆ ಗುಂಡುಸೂಜಿ ತಲೆಯಷ್ಟು ದುಂಡನೇ ತೂತು. ಕೆಲವಕ್ಕೆ ತೂತಿನ ಬಾಯಿಗೆ ತೆಳ್ಳನೇ ಮುಚ್ಚಳ ಇನ್ನೂ ಅಂಟಿಕೊಂಡಿತ್ತು. ಮರಿ ಕೋಶ ಆಗೋ ಮುಂಚೆ, ರೆಕ್ಕೆ ಬಂದಾಗ ಆಚೆ ಹೋಗೋಕೆ ದಾರಿ ಬೇಕಲ್ಲ ಅಂತ ಸಿಪ್ಪೆಯನ್ನ ದುಂಡಗೆ ಕತ್ತರಿಸಿ ಹಾಗೇ ಮುಚ್ಚಿಟ್ಟಿರುತ್ತೆ. ಅಂಥ ಕಾಳನ್ನ ನೀರಿಗೆ ಹಾಕಿದರೆ ತೇಲುತ್ತೆ, ಒಳಗೆ ಇನ್ನೇನೂ ಉಳಿದಿರಲ್ಲ. ನಾಲ್ಕು ದಿನದ ಲೆಕ್ಕಕ್ಕೂ ಅಲ್ಲೇ ಉತ್ತರ ಸಿಕ್ಕಿತು: ಇವುಗಳಿಗೆ ಮೊಟ್ಟೆಯಿಂದ ರೆಕ್ಕೆವರೆಗೆ ಹತ್ತಿರ ಹತ್ತಿರ ಒಂದು ತಿಂಗಳಾದರೂ ಬೇಕು. ಈ ಹುಳಕ್ಕೆ ಇಂಗ್ಲಿಷ್ ಹೆಸರು ಬಂದಿದ್ದು ಫ್ರಾನ್ಸಿನ ಅಂಗುಮುವಾ ಪ್ರಾಂತ್ಯದಿಂದ. 1760ರ ಆಸುಪಾಸಿನಲ್ಲಿ ಅಲ್ಲಿನ ಗೋಧಿಯನ್ನ ಇದು ಹಾಳು ಮಾಡಿತ್ತು. ಅಜ್ಜಿಗೆ ಅದನ್ನೂ ಹೇಳಿದೆ. "ಫ್ರಾನ್ಸಿಂದ ನಮ್ಮ ಅಟ್ಟಕ್ಕೆ ಬಂತಾ" ಅಂದರು.

ಇಷ್ಟೆಲ್ಲ ಆದ ಮೇಲೆ ನನಗೂ ಅನುಮಾನ ಬಂತು. ಅಜ್ಜಿ ಹುಳ ನನ್ನದಲ್ಲ ಸರಿ, ನನ್ನ ಮಿಷನ್ನಲ್ಲಿ ಏನೂ ಇಲ್ಲವಾ? ರಾತ್ರಿ ಕರೆಂಟ್ ಆಫ್ ಮಾಡಿ, ಹಿಟ್ಟು ಬೀಳೋ ಕಡೆ ಕಟ್ಟಿರೋ ಬಟ್ಟೆ ಚೀಲ ಬಿಚ್ಚಿದೆ. ಹೊಲಿಗೆ ಉದ್ದಕ್ಕೂ ಹಿಟ್ಟು ಗಟ್ಟಿಯಾಗಿ ಕೂತಿತ್ತು. ಉಗುರು ಹಾಕಿ ಕಿತ್ತರೆ ಬಿಡಿಬಿಡಿಯಾಗಿ ಉದುರಲಿಲ್ಲ, ಮಲ್ಲಿಗೆ ದಂಡೆ ಎತ್ತಿದ ಹಾಗೆ ಇಡೀ ಗಂಟೇ ನೂಲಿನಲ್ಲಿ ನೇತಾಡಿಕೊಂಡು ಬಂತು. ಒಳಗೆ ಕೆನೆ ಬಣ್ಣದ, ಕಂದು ತಲೆಯ ಮರಿ. ಮೂಲೆಮನೆ ಅಜ್ಜಿಗೆ ಇದನ್ನ ಇವತ್ತಿಗೂ ಹೇಳಿಲ್ಲ.

ಅದು ಅಕ್ಕಿ ಪತಂಗ. ನಮ್ಮ ಕಡೆ ಅಡುಗೆಮನೆಯಲ್ಲಿ ನಾನು ಹೆಚ್ಚು ಕಾಣೋದು ಇದನ್ನೇ. ಅಕ್ಕಿ, ರವೆ, ಜೋಳ, ಕಡಲೆಬೀಜ, ರಾಗಿ, ರಾಗಿಹಿಟ್ಟು ಯಾವುದೂ ಬಿಡಲ್ಲ. ರಾಗಿ ಹಗೇವಿನಲ್ಲಿ ವರ್ಷಗಟ್ಟಲೆ ಕೆಡದೆ ಇರ್ತಿತ್ತು ಅಂತ ಹಿರಿಯರು ಹೇಳೋದು ನಿಜ, ಆದರೆ ಅದು ಗಾಳಿಯಾಡದ ನೆಲದಡಿಯ ಗುಂಡಿ. ಈಗ ನಾವಿಡೋದು ಅರ್ಧ ತೆರೆದ ಮೂಟೆಯಲ್ಲಿ. ರೆಕ್ಕೆ ಬಂದ ಹುಳ ಬೂದಿ ಬಣ್ಣ, ಗುರುತು ಅನ್ನೋ ಗುರುತೇ ಇಲ್ಲ. ರೆಕ್ಕೆಯ ನರಗಳು ಮಾತ್ರ ಪೆನ್ಸಿಲ್ ಗೀಟಿನ ಹಾಗೆ ಚೂರು ಕಪ್ಪಗೆ. ಗುರುತಿಲ್ಲದಿರೋದೇ ಅದರ ಗುರುತು ಅಂದುಕೊಳ್ಳಿ. ರೆಕ್ಕೆಯನ್ನ ಮೈಗೆ ಸುತ್ತಿಕೊಂಡ ಹಾಗೆ ಕೂರುತ್ತೆ, ಸುಮಾರು ಒಂದು ಸೆಂಟಿಮೀಟರಿಗಿಂತ ಚೂರು ಉದ್ದ. ಮೂತಿ ನೋಡುವಾಗ ಇಲ್ಲೊಂದು ತೊಡಕಿದೆ: ಹೆಣ್ಣಿಗೆ ಮಾತ್ರ ಉದ್ದ ಕೊಕ್ಕು. ಗಂಡಿಗೆ ಅದು ಇದ್ದೂ ಇಲ್ಲದ ಹಾಗೆ. ಆದ್ದರಿಂದ ಒಂದನ್ನೇ ನೋಡಿ ತೀರ್ಮಾನ ಮಾಡಬೇಡಿ, ಮೂರು ನಾಲ್ಕು ಹಿಡೀರಿ.

ಒಂದು ವಿಚಿತ್ರ ಹೇಳಬೇಕು. ನಾನು ಓಡಿಸೋಕೆ ನೋಡೋ ಈ ಹುಳವನ್ನೇ ಕೃಷಿ ಪ್ರಯೋಗಾಲಯಗಳಲ್ಲಿ ಟ್ರೇಗಟ್ಟಲೆ ಸಾಕ್ತಾರೆ. ಇದರ ಮೊಟ್ಟೆಗಳನ್ನ ಕಾರ್ಡಿಗೆ ಅಂಟಿಸಿ, ಅದರೊಳಗೆ ಟ್ರೈಕೋಗ್ರಾಮ ಅನ್ನೋ ಕಣ್ಣಿಗೆ ಕಾಣದಷ್ಟು ಸಣ್ಣ ಕಣಜ ಬೆಳೆಸಿ, ಆ ಕಾರ್ಡನ್ನ ಕಬ್ಬಿನ ತೋಟಕ್ಕೆ, ಟೊಮೆಟೊ ತೋಟಕ್ಕೆ ಕಟ್ಟೋಕೆ ರೈತರಿಗೆ ಕೊಡ್ತಾರೆ. ಕಣಜ ಹೊರಬಂದು ಕಾಂಡ ಕೊರೆಯೋ ಹುಳದ, ಕಾಯಿ ಕೊರೆಯೋ ಹುಳದ ಮೊಟ್ಟೆ ಹುಡುಕಿ ನಾಶ ಮಾಡುತ್ತೆ.

ಕೊಕ್ಕಿನ ಗುಂಪಲ್ಲೇ ಇನ್ನೊಂದಿದೆ, ಅದಕ್ಕೆ ಗಾಜೂ ಬೇಡ. ರೆಕ್ಕೆಯ ಮುಂಭಾಗ, ಮೂರರಲ್ಲಿ ಒಂದು ಪಾಲು, ಅವಲಕ್ಕಿ ಬಣ್ಣ. ಉಳಿದ ಎರಡು ಪಾಲು ಹುಣಸೆಹಣ್ಣು ಹಾಕದೆ ಬಿಟ್ಟ ತಾಮ್ರದ ಚೊಂಬಿನ ಬಣ್ಣ. ಬೇರೆ ಬೇರೆ ಬಟ್ಟೆಯ ಎರಡು ತುಂಡು ಸೇರಿಸಿ ಹೊಲಿದ ಹಾಗಿರುತ್ತೆ. ಗೋಡಂಬಿ, ಒಣದ್ರಾಕ್ಷಿ, ಮಕ್ಕಳ ಹೆಲ್ತ್ ಪೌಡರಿನ ಡಬ್ಬ ಇದರ ಜಾಗ. ಇಂಗ್ಲಿಷಲ್ಲಿ ಇಂಡಿಯನ್ ಮೀಲ್ ಮಾತ್ ಅಂತಾರೆ, ಅದಕ್ಕೆ ಇದು ನಮ್ಮ ದೇಶದ್ದೇ ಅಂದುಕೊಳ್ಳೋರುಂಟು. ಇಂಡಿಯನ್ ಮೀಲ್ ಅಂದರೆ ಆಗಿನ ಅಮೆರಿಕದಲ್ಲಿ ಮುಸುಕಿನ ಜೋಳದ ಹಿಟ್ಟು. 19ನೇ ಶತಮಾನದಲ್ಲಿ ನ್ಯೂಯಾರ್ಕಿನ ಕೀಟತಜ್ಞ ಏಸಾ ಫಿಚ್ ಆ ಹಿಟ್ಟಿನಲ್ಲಿ ಕಂಡು ಇಟ್ಟ ಹೆಸರು. ನಮ್ಮ ತಲೆ ಮೇಲೆ ಅಪವಾದ ಬರೋದು ಮಿಷನ್ ಕಟ್ಟೆ ಮೇಲೆ ಮಾತ್ರ ಅಲ್ಲ ನೋಡಿ.

ಇವೆರಡರ ಮರಿಗಳನ್ನ ನೋಡಿ ಬೇರ್ಪಡಿಸೋದು ಕಷ್ಟ, ಆದರೆ ಅವುಗಳ ನಡತೆ ಬೇರೆ. ಅಕ್ಕಿ ಪತಂಗದ ಮರಿ ಸಾಮಾನ್ಯವಾಗಿ ಹಿಟ್ಟಿನ ಗಂಟಿನೊಳಗೇ ಗೂಡು ಕಟ್ಟುತ್ತೆ. ತಾಮ್ರದ ರೆಕ್ಕೆಯದರ ಮರಿ ಕೊಬ್ಬಿದ ಮೇಲೆ ಡಬ್ಬ ಬಿಟ್ಟು ಹೊರಟುಬಿಡುತ್ತೆ, ಗೋಡೆ ಹತ್ತಿ, ಅಟ್ಟದ ಮೂಲೆ, ಡಬ್ಬದ ಮುಚ್ಚಳದ ತಿರುಪು, ಎಲ್ಲಾದರೂ ಸಂದು ಹುಡುಕಿ ಗೂಡು ಕಟ್ಟುತ್ತೆ. ಅಡುಗೆಮನೆ ಸೂರಿನಲ್ಲಿ ಬಿಳೀ ಹುಳ ಒಂದೊಂದೇ ಹೋಗ್ತಿದ್ದರೆ ಇದೇ ಇರಬೇಕು. ರೆಕ್ಕೆ ಬಂದ ಮೇಲೆ ಇವು ನಿಮ್ಮ ದಿನಸಿ ತಿನ್ನಲ್ಲ, ಮೊಟ್ಟೆ ಇಟ್ಟು ಒಂದೆರಡು ವಾರದಲ್ಲಿ ಸಾಯ್ತವೆ. ಟ್ಯೂಬ್‌ಲೈಟ್ ಕೆಳಗೆ ಚಪ್ಪಾಳೆ ಹೊಡೆದು ಸಾಯಿಸೋ ಬದಲು ಡಬ್ಬಗಳನ್ನ ಒಂದೊಂದಾಗಿ ಬಿಳೀ ಪೇಪರ್ ಮೇಲೆ ಸುರಿದು ನೋಡಿ. ನನ್ನ ಅನುಭವದಲ್ಲಿ ತಪ್ಪಿತಸ್ಥ ಡಬ್ಬ ಯಾವಾಗಲೂ ಹಿಂದಿನ ಸಾಲಿನದು, ಯಾರದೋ ಸೀಮಂತಕ್ಕೆ ತಂದು ಮರೆತದ್ದು.

ಕೊಂಬಿನವಕ್ಕೆ ವಾಪಸ್ ಬರ್ತೀನಿ, ಯಾಕಂದ್ರೆ ನಮ್ಮ ಜಿಲ್ಲೆಗೆ ಅವು ಬಹಳ ಬೇಕಾದವು. ಜೋಳದ ಕಾಳಿನ ಹುಳ, ಆಲೂಗಡ್ಡೆ ಹುಳ, ಟೊಮೆಟೊ ಹುಳ, ಮೂರೂ ಒಂದೇ ಮನೆತನದ ದಾಯಾದಿಗಳು. ಮಂಚದ ಕೆಳಗೆ ಗೋಣಿ ಮೇಲೆ ಹರಡಿರೋ ಆಲೂಗಡ್ಡೆಯ ಕಣ್ಣಿನ ಸುತ್ತ ಕಾಫಿಪುಡಿ ಉದುರಿಸಿದ ಹಾಗೆ ಕಪ್ಪು ಹಿಕ್ಕೆ ಕಂಡರೆ, ಆ ಕೋಣೆಯಲ್ಲಿ ಹಾರಾಡೋ ಕಂದುಬೂದು ಹುಳ ಯಾವುದು ಅಂತ ಕೇಳೋದೇ ಬೇಡ. ಗಡ್ಡೆ ಕೊಯ್ದು ನೋಡಿ, ಒಳಗೆ ಸುರಂಗ. ಟೊಮೆಟೊದ್ದು ಇನ್ನೂ ಸಣ್ಣದು, ಆರೇಳು ಮಿಲಿಮೀಟರ್, ಬೂದಿ ಮೇಲೆ ಕಪ್ಪು ಚುಕ್ಕಿ, ಕುಡಿಮೀಸೆ ಕಪ್ಪುಬಿಳಿ ಮಣಿ ಪೋಣಿಸಿದ ಹಾಗೆ. ದಕ್ಷಿಣ ಅಮೆರಿಕದ ಈ ಹುಳ ಭಾರತದಲ್ಲಿ ಮೊದಲು ಪತ್ತೆಯಾಗಿದ್ದು 2014ರಲ್ಲಿ. ಊಜಿ ಅಂತಲೋ ಊಜಿ ನೊಣ ಅಂತಲೋ ಕೆಲವರು ಕರೀತಾರೆ. ತಪ್ಪು, ಊಜಿ ರೇಷ್ಮೆ ಹುಳುವಿನ ಮೇಲೆ ಮೊಟ್ಟೆ ಇಡೋ ನೊಣ. ತೊಟ್ಟಿನ ಹತ್ತಿರ ಸೂಜಿಚುಚ್ಚಿನಂಥ ತೂತಿರೋ ಟೊಮೆಟೊ ಮನೆಗೆ ತಂದರೆ ಆ ಹುಳ ಅಡುಗೆಮನೆ ಕಿಟಕಿಯಲ್ಲಿ ಕಾಣಿಸಬಹುದು. ಮನೆಯಲ್ಲಿ ಅದು ಏನೂ ಮಾಡಲ್ಲ, ತೋಟ ಇದ್ದವರಿಗೆ ಮಾತ್ರ ಹೊಟ್ಟೆ ಉರಿ.

ಕೆದರಿದ ಕೂದಲಿನವು ಸುಲಭ, ಯಾಕಂದ್ರೆ ಹುಳಕ್ಕಿಂತ ಮೊದಲು ಚೀಲ ಕಾಣುತ್ತೆ. ಗೋಡೆ ಮೇಲೆ ಸೌತೆಬೀಜದ ಹಾಗೆ ಚಪ್ಪಟೆಯಾಗಿ, ನಡು ದಪ್ಪ ತುದಿ ಸಣ್ಣ, ಒಂದು ಸೆಂಟಿಮೀಟರ್ ಉದ್ದದ ಬೂದು ಚೀಲ ಅಂಟಿಕೊಂಡಿರುತ್ತಲ್ಲ. ಕಸ ಅಂತ ಬಿಟ್ಟಿದ್ದು ಸಂಜೆಗೆ ಒಂದು ಗೇಣು ಮೇಲೆ ಹೋಗಿರುತ್ತೆ. ಎರಡೂ ತುದಿ ತೆರೆದಿರುತ್ತೆ, ಮರಿ ಈ ಕಡೆಯಿಂದಲೂ ತಲೆ ಹಾಕುತ್ತೆ, ಆ ಕಡೆಯಿಂದಲೂ. ತನ್ನ ನೂಲಿಗೆ ಸುತ್ತಮುತ್ತಲಿನ ಮರಳು, ದೂಳು, ಸುಣ್ಣದ ಚೂರು ಅಂಟಿಸಿಕೊಂಡು ಮಾಡಿದ ಚೀಲ. ನಮ್ಮ ನಡುಮನೆ ಗೋಡೆಗೆ ಹಸಿರು ಬಣ್ಣ, ಅಲ್ಲಿನ ಚೀಲಗಳಲ್ಲಿ ಹಸಿರು ಪುಡಿ. ಮಿಷನ್ ಕಡೆ ಗೋಡೆಯಲ್ಲಿರೋವು ಹಿಟ್ಟು ಮೆತ್ತಿಕೊಂಡು ಬೆಳ್ಳಗಿವೆ. ಗಿರಾಕಿಗಳು ಇದನ್ನ ನೋಡಿ ಮುಖ ಸಿಂಡರಿಸ್ತಾರೆ, ಆದರೆ ಇದು ತಿನ್ನೋದು ಹಳೇ ಜೇಡರ ಬಲೆ, ಉದುರಿದ ಕೂದಲು, ಸತ್ತ ಹುಳ. ಕಾಳಿನ ತಂಟೆಗೆ ಬರಲ್ಲ. ಬಲೆ ಹೊಡೆದರೆ ಚೀಲವೂ ಕಡಿಮೆಯಾಗುತ್ತೆ.

ಬಟ್ಟೆ ತಿನ್ನೋ ಪತಂಗ ಅಂತ ಬೇರೊಂದಿದೆ, ಹೊಂಬಣ್ಣದ್ದು, ತಲೆ ಮೇಲೆ ಕೆಂಚು ಕೂದಲು. ಅದಕ್ಕೆ ಬೆಳಕು ಆಗಲ್ಲ. ಬೀರು ತೆಗೆದರೆ ಹಾರೋದಕ್ಕಿಂತ ಹೆಚ್ಚಾಗಿ ಮಡಿಕೆಯೊಳಕ್ಕೆ ಓಡುತ್ತೆ. ಲೈಟಿಗೆ ಬಂದ ಹುಳ ತೋರಿಸಿ ರೇಷ್ಮೆ ಸೀರೆಯ ಚಿಂತೆ ಮಾಡಬೇಡಿ.

ಅವರೆಕಾಯಿ ಕಾಲದಲ್ಲಿ, ಧನುರ್ಮಾಸದ ಸುಮಾರಿಗೆ, ಕಿಟಕಿ ಗಾಜಿನ ಮೇಲೆ ಇಂಗ್ಲಿಷ್ ಟೀ ಅಕ್ಷರ ಬರೆದ ಹಾಗೆ ಒಂದು ಹುಳ ಕೂರುತ್ತೆ. ಸೊಳ್ಳೆ ಅಂತ ಹೊಡೀಬೇಡಿ. ಅದರ ಮುಂದಿನ ರೆಕ್ಕೆ ಎರಡು ಸೀಳು, ಹಿಂದಿನದು ಮೂರು ಸೀಳು, ಒಂದೊಂದೂ ಹಕ್ಕಿಪುಕ್ಕದ ಹಾಗೆ. ತೊಗರಿಕಾಯಿ, ಅವರೆಕಾಯಿ ಕೊರೆಯೋದರಲ್ಲಿ ಇದರ ಜಾತಿಯ ಮರಿಯೂ ಒಂದು. ಸೊಗಡವರೆ ಸುಲಿಯುವಾಗ ಸಿಗೋ ದಪ್ಪ ಹಸಿರು ಹುಳ ಬೇರೆ ಪತಂಗಗಳದ್ದು.

ಮೂತಿ, ಜಾಗ, ಮರಿಯ ಕೆಲಸ, ಇಷ್ಟು ನೋಡಿದ ಮೇಲೂ ಕೆಲವು ಹುಳ ಬಗೆಹರಿಯಲ್ಲ. ದಾಯಾದಿಗಳನ್ನ ಖಂಡಿತವಾಗಿ ಬೇರೆ ಮಾಡೋಕೆ ಗಂಡು ಹುಳದ ಹಿಂಭಾಗ ಬಿಡಿಸಿ ಸೂಕ್ಷ್ಮದರ್ಶಕದಲ್ಲಿ ನೋಡಬೇಕು, ಅದು ಕೀಟ ಓದಿದವರ ಕೆಲಸ. ಕೋಲಾರದ ಹತ್ತಿರ ಟಮಕದಲ್ಲಿ ತೋಟಗಾರಿಕೆ ಕಾಲೇಜಿದೆ. ಅಂಥ ಕಡೆ ಒಯ್ಯೋದಾದರೆ ಹುಳವನ್ನ ಹಿಡಿದ ದಿನ, ಕೋಣೆ, ಪಕ್ಕದಲ್ಲಿದ್ದ ದಿನಸಿ, ಮೂರನ್ನೂ ಚೀಟಿಯಲ್ಲಿ ಬರೆದು ಜೊತೆಗಿಡಿ. ಐಸ್ ಖಾನೆಯಲ್ಲಿ ಒಂದು ರಾತ್ರಿ ಇಟ್ಟು, ಹತ್ತಿ ಹಾಕಿದ ಬೆಂಕಿಪೊಟ್ಟಣಕ್ಕೆ ಹಾಕಿದರೆ ಹುಡಿ ಉದುರಲ್ಲ.

ಪೊಟ್ಟಣವನ್ನ ಎಲ್ಲಿಡ್ತೀರಿ ಅನ್ನೋದೂ ಮುಖ್ಯ. ಹೋದ ತಿಂಗಳು ನಾನು ನೋಡೇ ಇರದ ಹುಳವೊಂದು ಸಿಕ್ಕಿತ್ತು, ರೆಕ್ಕೆ ತುದಿಯಲ್ಲಿ ಬೆಳ್ಳಿ ಚುಕ್ಕೆ. ಕತ್ತಲಾಗಿತ್ತು, ಬೆಳಗ್ಗೆ ಗಾಜು ಹಿಡಿಯೋಣ ಅಂತ ದೇವರ ಗೂಡಿನ ಪಕ್ಕ ಇಟ್ಟು ಮಲಗಿದೆ. ಅಲ್ಲಿ ಸಕ್ಕರೆ ಪ್ರಸಾದ ಇತ್ತು, ಇರುವೆ ಬಂದಿವೆ. ಬೆಳಗ್ಗೆ ತೆಗೆದರೆ ನಾಲ್ಕು ರೆಕ್ಕೆಯೂ ಹತ್ತಿ ಮೇಲೆ ಜೋಪಾನವಾಗಿ ಹಾಗೇ ಇದ್ದವು. ಮೂತಿ ಮಾತ್ರ ಇರಲಿಲ್ಲ.